ಒಂದೇ ‘403 ಫರ್‌ಬಿಡನ್’, ಮೂರು ಬೇರೆ ಬೇರೆ ಕಾರಣ

ಪ್ರಶ್ನೆ: ಸರ್ ನಮಸ್ಕಾರ. ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಟ. ಮೂರು ವರ್ಷದಿಂದ ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣನ್ನು ಬಾಕ್ಸ್ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದೇವೆ. ಆರ್ಡರ್ ತೆಗೆದುಕೊಳ್ಳಲು ಒಂದು ವೆಬ್‌ಸೈಟ್ ಇದೆ, ಅದೇ ಹೆಸರಿನಲ್ಲಿ ಇಮೇಲ್ ಇದೆ. ಮಾಡಿಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ಫೋನ್ ಎತ್ತುವುದು ಅಪರೂಪ. ಹೋದ ವಾರ ಲೆಕ್ಕ ನೋಡುತ್ತಿದ್ದ ಹುಡುಗಿ ಕೆಲಸ ಬಿಟ್ಟಳು, ಹಾಗಾಗಿ ಇಮೇಲ್ ಪಾಸ್‌ವರ್ಡ್ ಬದಲಾಯಿಸಿದೆ. ಸೋಮವಾರದಿಂದ ಪ್ಯಾಕಿಂಗ್ ಶೆಡ್‌ನ ವೈಫೈನಲ್ಲಿ ವೆಬ್‌ಮೇಲ್ ತೆರೆದರೆ ‘403 ಫರ್‌ಬಿಡನ್’ ಅಂತ ಬರುತ್ತದೆ. ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮಧ್ಯಾಹ್ನಕ್ಕೆ ಮತ್ತೆ ಅದೇ. ತಂಗಿ ಮಗ ಹೊಸ ಬೆಲೆ ಪಟ್ಟಿ ಪುಟ ಹಾಕಿದ, ಅದು ಯಾರಿಗೂ ತೆರೆಯುತ್ತಿಲ್ಲ, ಅಲ್ಲೂ 403. ಇನ್ನು ಕೆಲವು ಗಿರಾಕಿಗಳು ಆರ್ಡರ್ ಫಾರ್ಮ್ ತುಂಬಿ ‘ಕಳಿಸಿ’ ಒತ್ತಿದರೆ 403 ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಉಳಿದವರಿಗೆ ಆರಾಮಾಗಿ ಹೋಗುತ್ತಿದೆ. ಎಲ್ಲ ಫೋಲ್ಡರ್‌ಗೂ 777 ಕೊಟ್ಟುಬಿಡಿ ಅಂತ ಒಬ್ಬರು, ವಿಪಿಎನ್ ಹಾಕಿ ಅಂತ ಇನ್ನೊಬ್ಬರು ಹೇಳಿದರು. ಸೀಸನ್ ಶುರುವಾಗಿದೆ. ಸೈಟ್ ಹ್ಯಾಕ್ ಆಗಿದೆಯಾ ಅಂತ ಭಯ ಬೇರೆ. ಏನು ಮಾಡಲಿ?

ಉತ್ತರ: ಮೇಡಂ, 777 ಮಾತ್ರ ಕೊಡಬೇಡಿ. ವಿಪಿಎನ್ ಕೂಡ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಹ್ಯಾಕ್ ಆಗಿರುವ ಲಕ್ಷಣ ಇದರಲ್ಲಿ ನನಗೆ ಕಾಣುತ್ತಿಲ್ಲ. ನಿಮಗಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಪರದೆಯ ಮೇಲೆ ಒಂದೇ ಸಂಖ್ಯೆ ಬರುತ್ತಿರುವುದರಿಂದ ಒಂದೇ ಅಂತ ಅನ್ನಿಸುತ್ತಿದೆ, ಅಷ್ಟೇ. ಜ್ವರ ಬಂದಿದೆ ಅಂದ ಮಾತ್ರಕ್ಕೆ ಮೂರು ಜನಕ್ಕೂ ಒಂದೇ ಮಾತ್ರೆ ಕೊಡುವುದಿಲ್ಲ, ಅಲ್ವಾ?

ಮೊದಲು 403 ಅಂದರೆ ಏನು ಅಂತ ನೋಡೋಣ. ವೆಬ್ ಪುಟವನ್ನು ಕೇಳುವುದಕ್ಕೂ ಕೊಡುವುದಕ್ಕೂ ಇರುವ ಪದ್ಧತಿಯ ಹೆಸರು ಎಚ್‌ಟಿಟಿಪಿ. 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ದಾಖಲೆ ಬಂದಾಗಲೇ ಅದರಲ್ಲಿ 403 ಇತ್ತು. 2022ರ ಜೂನ್‌ನಲ್ಲಿ ಬಂದ ದಾಖಲೆಯಲ್ಲೂ ಅದರ ಅರ್ಥ ಬದಲಾಗಿಲ್ಲ: ‘ನೀನು ಕೇಳಿದ್ದು ಅರ್ಥವಾಯಿತು, ಆದರೆ ಕೊಡುವುದಿಲ್ಲ.’ 404 ಬಂದರೆ ‘ಅಂಥದ್ದು ಇಲ್ಲಿಲ್ಲ’ ಅಂತ. 401 ಬಂದರೆ ‘ಮೊದಲು ನೀನು ಯಾರು ಹೇಳು’ ಅಂತ. 500 ಬಂದರೆ ಸರ್ವರ್ (ನಿಮ್ಮ ಸೈಟ್, ಮೇಲ್ ಇರುವ ದೂರದ ಕಂಪ್ಯೂಟರ್) ಒಳಗೇ ಏನೋ ಕೆಟ್ಟಿದೆ ಅಂತ. 403ರಲ್ಲಿ ಏನೂ ಕೆಟ್ಟಿರುವುದಿಲ್ಲ. ಸರ್ವರ್ ಚೆನ್ನಾಗೇ ಕೆಲಸ ಮಾಡುತ್ತಿದೆ, ಯಾವುದೋ ಒಂದು ನಿಯಮ ನೋಡಿ ಬೇಡ ಅಂದಿದೆ. ಹಾಗಾಗಿ ನಾವು ಹುಡುಕಬೇಕಾದ್ದು ಏನು ಕೆಟ್ಟಿದೆ ಅಂತ ಅಲ್ಲ, ಯಾರು ಯಾರಿಗೆ ಬೇಡ ಅಂದರು ಅಂತ. ಈ ಒಂದು ಪ್ರಶ್ನೆ ಹಿಡಿದು ಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಅದಕ್ಕೇ ನಾನು ಯಾರು ಫೋನ್ ಮಾಡಿದರೂ ಮೊದಲು ಕೇಳುವುದು ಎರಡೇ. ಬೇರೆ ನೆಟ್‌ವರ್ಕ್‌ನಲ್ಲಿ ತೆರೆಯುತ್ತದಾ? ಬೇರೆಯವರಿಗೆ ತೆರೆಯುತ್ತದಾ? ಆ ಎರಡಕ್ಕೂ ನಾನು ಕೇಳುವ ಮೊದಲೇ ನೀವು ಉತ್ತರ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಬಹಳ ಸುಲಭವಾಯಿತು.

ವೆಬ್‌ಮೇಲ್ ವಿಷಯ ನೋಡೋಣ. ಶೆಡ್‌ನ ವೈಫೈನಲ್ಲಿ ಇಲ್ಲ, ಮೊಬೈಲ್ ಡೇಟಾದಲ್ಲಿ ಇದೆ. ಅಂದರೆ ನಿಮ್ಮ ಮೇಲ್‌ಬಾಕ್ಸ್ ಸರಿಯಾಗಿದೆ, ಹೊಸ ಪಾಸ್‌ವರ್ಡೂ ಸರಿಯಾಗಿದೆ. ಸರ್ವರ್ ತಡೆದಿರುವುದು ನಿಮ್ಮನ್ನಲ್ಲ, ನಿಮ್ಮ ಶೆಡ್‌ನ ವಿಳಾಸವನ್ನು. ಪ್ರತಿ ಇಂಟರ್‌ನೆಟ್ ಕನೆಕ್ಷನ್‌ಗೂ ಹೊರಗಡೆ ಕಾಣುವ ಒಂದು ಐಪಿ ವಿಳಾಸ ಇರುತ್ತದೆ. ವೈಫೈಗೆ ಸೇರಿದ ಕಂಪ್ಯೂಟರ್, ಫೋನ್, ಪ್ರಿಂಟರ್ ಎಲ್ಲವೂ ಹೊರಗಿನವರಿಗೆ ಆ ಒಂದೇ ವಿಳಾಸದಲ್ಲಿ ಕಾಣುತ್ತವೆ. ಆ ವಿಳಾಸದಿಂದ ತಪ್ಪು ಪಾಸ್‌ವರ್ಡ್ ಮೇಲಿಂದ ಮೇಲೆ ಬಂದರೆ ಯಾರೋ ಕಳ್ಳ ಬೀಗ ತೆಗೆಯಲು ನೋಡುತ್ತಿದ್ದಾನೆ ಅಂತ ಸರ್ವರ್ ತಿಳಿಯುತ್ತದೆ. ಇಡೀ ವಿಳಾಸವನ್ನೇ ತಡೆಯುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕುವವರಿಗೂ ಬಾಗಿಲು ಮುಚ್ಚಿರುತ್ತದೆ.

ನೀವು ಪಾಸ್‌ವರ್ಡ್ ಬದಲಾಯಿಸಿದಿರಿ. ಹಳೆ ಪಾಸ್‌ವರ್ಡ್ ಇನ್ನೂ ಎಲ್ಲೋ ಒಂದು ಯಂತ್ರದಲ್ಲಿ ಕೂತಿದೆ. ಅದು ಸುಮ್ನೆ ಕೂತಿಲ್ಲ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸರ್ವರ್‌ಗೆ ಹೋಗಿ ಬಾಗಿಲು ಬಡಿಯುತ್ತಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ನಿಮಗೆ ಹೊಸ ವಿಳಾಸ ಸಿಗುತ್ತದೆ, ಹಾಗಾಗಿ ವೆಬ್‌ಮೇಲ್ ತೆರೆಯುತ್ತದೆ. ಆ ಯಂತ್ರ ಬಡಿಯುತ್ತಲೇ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಹೊಸ ವಿಳಾಸವೂ ತಡೆಗೆ ಸಿಗುತ್ತದೆ. ನೀವು ಬರೆದ ‘ಸ್ವಲ್ಪ ಹೊತ್ತು ಸರಿ, ಮಧ್ಯಾಹ್ನಕ್ಕೆ ಮತ್ತೆ ಅದೇ’ ಅನ್ನುವ ಒಂದು ಸಾಲಿನಲ್ಲೇ ಇಷ್ಟೂ ಇದೆ.

ಇಂಥದ್ದೇ ಒಂದು ಪ್ರಕರಣ ಹೇಳುತ್ತೇನೆ. ನಾನು ಕೂರುವುದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಿಂದ ಫೋನ್ ಬಂತು, ಮೂರು ವಾರದಿಂದ ವೆಬ್‌ಮೇಲ್ ಬರುತ್ತಿಲ್ಲ ಅಂತ. ಹೋಸ್ಟಿಂಗ್‌ನವರು (ಸೈಟಿಗೆ, ಮೇಲ್‌ಗೆ ಸರ್ವರ್‌ನಲ್ಲಿ ಜಾಗ ಬಾಡಿಗೆ ಕೊಡುವವರು) ತಡೆ ತೆಗೆಯುತ್ತಾರೆ, ಮಾರನೇ ದಿನ ಮತ್ತೆ ಬೀಳುತ್ತದೆ. ಎಲ್ಲ ಕಂಪ್ಯೂಟರ್‌ನಲ್ಲೂ ಪಾಸ್‌ವರ್ಡ್ ಬದಲಾಯಿಸಿ ಆಗಿತ್ತು. ನಾನು ಸರ್ವರ್‌ನ ಮೇಲ್ ಲಾಗ್, ಅಂದರೆ ಏನು ಯಾವಾಗ ಆಯಿತು ಅಂತ ಸರ್ವರ್ ಬರೆದಿಡುವ ದಾಖಲೆ, ತರಿಸಿಕೊಂಡು ನೋಡಿದೆ. ತಪ್ಪು ಪಾಸ್‌ವರ್ಡ್ ಬಂದ ಸಮಯ ಹೀಗಿತ್ತು: 10.02, 10.17, 10.32, 10.47. ಗಡಿಯಾರ ಹಿಡಿದು ಹದಿನೈದು ನಿಮಿಷಕ್ಕೊಮ್ಮೆ ತಪ್ಪು ಪಾಸ್‌ವರ್ಡ್ ಹಾಕುವ ಮನುಷ್ಯ ಇರುವುದಿಲ್ಲ. ಇದು ಯಂತ್ರ ಅಂತ ಗೊತ್ತಾಯಿತು. ಕೆಳಗೆ ನೋಡಿದರೆ ರಾತ್ರಿ ಎರಡು ಗಂಟೆಗೂ ಅದೇ ಸಾಲು, ಭಾನುವಾರ ಅಂಗಡಿ ಮುಚ್ಚಿದ್ದಾಗಲೂ ಅದೇ ಸಾಲು. ಹಾಗಾದರೆ ಆ ಯಂತ್ರ ಯಾರ ಜೇಬಿನಲ್ಲೂ ಮನೆಗೆ ಹೋಗುತ್ತಿಲ್ಲ, ಮಂಡಿಯೊಳಗೇ ಇದೆ.

ಮಂಡಿಗೇ ಹೋದೆ. ಗುಮಾಸ್ತರ ಮೇಜಿನ ಡ್ರಾಯರ್ ನೋಡಿದೆವು, ಪ್ರಿಂಟರ್ ನೋಡಿದೆವು, ಸ್ಕ್ಯಾನರ್ ನೋಡಿದೆವು. ಕೊನೆಗೆ ದೇವರ ಪಟದ ಕೆಳಗಿನ ಹಲಗೆಯ ಮೇಲೆ, ಊದಿನಕಡ್ಡಿ ಪೊಟ್ಟಣದ ಪಕ್ಕ, ಚಾರ್ಜರ್‌ಗೆ ಸಿಕ್ಕಿಸಿದ ಹಳೇ ಫೋನ್ ಕಂಡಿತು. ಗಾಜು ಒಡೆದಿತ್ತು. ಮೊದಲು ಅದು ಯಜಮಾನರ ಫೋನಂತೆ. ಈಗ ಬೆಳಿಗ್ಗೆ ಬಾಗಿಲು ತೆಗೆದಾಗ ಸುಪ್ರಭಾತ ಹಾಕುವುದಕ್ಕೆ ಇಟ್ಟಿದ್ದರು. ಸಿಮ್ ಇಲ್ಲ, ವೈಫೈ ಮಾತ್ರ. ಮೇಲ್ ಆ್ಯಪ್ ತೆರೆದರೆ ಹಳೆ ಪಾಸ್‌ವರ್ಡ್ ಹಾಗೇ ಇತ್ತು. ಅಕೌಂಟ್ ತೆಗೆದೆವು. ಆ ಮೇಲೆ ತಡೆ ಬೀಳಲೇ ಇಲ್ಲ. ಯಜಮಾನರು ಆ ಫೋನನ್ನು ಅಲ್ಲೇ ಇಟ್ಟುಕೊಂಡಿದ್ದಾರೆ, ಹಾಡು ಬರುತ್ತದೆ.

ನಿಮ್ಮ ಶೆಡ್‌ನಲ್ಲೂ ಅಂಥ ಒಂದು ಯಂತ್ರ ಇದೆ. ಲೆಕ್ಕದ ಹುಡುಗಿ ಬಳಸುತ್ತಿದ್ದ ಕಂಪ್ಯೂಟರ್‌ನ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಂ ಮೊದಲು ನೋಡಿ. ಆಮೇಲೆ ಯಜಮಾನರ ಫೋನ್, ಟ್ಯಾಬ್, ಮಕ್ಕಳಿಗೆ ಕೊಟ್ಟಿರುವ ಹಳೇ ಫೋನ್. ಸ್ಕ್ಯಾನ್ ಮಾಡಿದ್ದನ್ನು ನೇರ ಮೇಲ್ ಮಾಡುವ ಪ್ರಿಂಟರ್ ಇದ್ದರೆ ಅದರಲ್ಲೂ ಪಾಸ್‌ವರ್ಡ್ ಇರುತ್ತದೆ. ಸಿಸಿಟಿವಿ ಡಿವಿಆರ್ ಕೂಡ ಎಚ್ಚರಿಕೆ ಮೇಲ್ ಕಳಿಸುವ ಹಾಗೆ ಹಾಕಿದ್ದರೆ ಅದರಲ್ಲೂ ಇರುತ್ತದೆ. ಇದನ್ನು ಜನ ಬಹಳ ಮರೆಯುತ್ತಾರೆ. ಒಂದೊಂದನ್ನೂ ಸರಿ ಮಾಡಿದ ಮೇಲೆ ಹೋಸ್ಟಿಂಗ್‌ನವರಿಗೆ ಹೇಳಿ ತಡೆ ತೆಗೆಸಿ. ತಡೆ ಮೊದಲು ತೆಗೆಸಿ ಯಂತ್ರ ಆಮೇಲೆ ಹುಡುಕಿದರೆ ತಿಪಟೂರಿನ ಹಾಗೆ ಮೂರು ವಾರ ಹೋಗುತ್ತದೆ.

ಹೋಸ್ಟಿಂಗ್‌ನವರಿಗೆ ನಿಮ್ಮ ಐಪಿ ವಿಳಾಸ ಹೇಳಬೇಕು. ಶೆಡ್‌ನ ವೈಫೈಗೆ ಸೇರಿ, ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಹುಡುಕಿ. ಅದನ್ನು ತೋರಿಸುವ ಸೈಟುಗಳು ಮೇಲೇ ಸಿಗುತ್ತವೆ. ಅಲ್ಲಿ ಬಂದದ್ದನ್ನು ಬರೆದುಕೊಳ್ಳಿ. ಕಂಪ್ಯೂಟರ್ ಸೆಟ್ಟಿಂಗ್‌ನಲ್ಲಿ ಕಾಣುವ 192.168 ಅಂತ ಶುರುವಾಗುವ ಸಂಖ್ಯೆ ಶೆಡ್‌ನ ಒಳಗಿನದು, ಅದನ್ನು ಕೊಟ್ಟರೆ ಪ್ರಯೋಜನವಿಲ್ಲ.

ಇಲ್ಲಿ ಇನ್ನೊಂದು ಮಾತು. ನಾಲ್ಕು ಸಂಖ್ಯೆಯ ಹಳೇ ಮಾದರಿ ಐಪಿ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 429 ಕೋಟಿ. ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೇ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಬಹಳ ಮನೆಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಕೂರಿಸುತ್ತವೆ. ನಿಮ್ಮ ರೂಟರ್‌ನ ಪುಟದಲ್ಲಿ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮದೂ ಹಾಗೇ ಅಂತ ಅರ್ಥ. 2012ರಲ್ಲಿ ಇದಕ್ಕೆಂದೇ ಆ ಸಂಖ್ಯೆಗಳನ್ನು ತೆಗೆದಿಟ್ಟರು. ಹೀಗಿದ್ದಾಗ ಪಕ್ಕದ ಬೀದಿಯ ಯಾರದೋ ತಪ್ಪಿಗೆ ನಿಮ್ಮ ವಿಳಾಸ ತಡೆಗೆ ಸಿಗಬಹುದು. ಯಂತ್ರ ಎಲ್ಲೂ ಸಿಗದಿದ್ದರೆ ಈ ಸಾಧ್ಯತೆ ನೋಡಿ. ಆಗ ಇಂಟರ್‌ನೆಟ್‌ನವರ ಹತ್ತಿರ ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ಸ್ಟ್ಯಾಟಿಕ್ ಐಪಿ (ಬದಲಾಗದ, ನಿಮಗೊಬ್ಬರಿಗೇ ಇರುವ ವಿಳಾಸ) ತೆಗೆದುಕೊಂಡು, ಅದನ್ನು ಹೋಸ್ಟಿಂಗ್‌ನವರ ಒಪ್ಪಿಗೆ ಪಟ್ಟಿಗೆ ಸೇರಿಸಿಸುವುದೇ ಒಳ್ಳೆಯದು.

ವಿಪಿಎನ್ ಬೇಡ ಅಂದೆನಲ್ಲ. ಅದು ನಿಮ್ಮನ್ನು ಬೇರೆ ವಿಳಾಸದಿಂದ ಕಳಿಸುತ್ತದೆ ನಿಜ, ವೆಬ್‌ಮೇಲ್ ತೆರೆಯಲೂಬಹುದು. ಆದರೆ ಹಳೇ ಫೋನ್ ಬಡಿಯುವುದು ನಿಲ್ಲುವುದಿಲ್ಲ. ಪುಕ್ಕಟೆ ವಿಪಿಎನ್‌ಗಳ ವಿಳಾಸವನ್ನು ಎಷ್ಟೋ ಸರ್ವರ್‌ಗಳು ಮೊದಲೇ ತಡೆದಿಟ್ಟಿರುತ್ತವೆ. ನಮ್ಮ ಎಷ್ಟೋ ಸರ್ಕಾರಿ ವೆಬ್‌ಸೈಟುಗಳು ಭಾರತದ ಹೊರಗಿನ ವಿಳಾಸಕ್ಕೆ ತೆರೆಯುವುದೇ ಇಲ್ಲ. ಫೋನ್‌ನಲ್ಲಿ ವಿಪಿಎನ್ ಆನ್ ಇಟ್ಟು ಮರೆತು, ಸರ್ಕಾರಿ ಸೈಟ್ 403 ಕೊಡುತ್ತಿದೆ ಅಂತ ನನ್ನ ಹತ್ತಿರ ಬಂದವರು ಬಹಳ ಜನ. ವಿಪಿಎನ್ ಆಫ್ ಮಾಡಿದರೆ ಸರಿಹೋಗುತ್ತದೆ. ಅದಕ್ಕಿಂತ ಮುಖ್ಯ, ನಿಮ್ಮ ವ್ಯಾಪಾರದ ಮೇಲನ್ನು ಯಾರೋ ಗೊತ್ತಿಲ್ಲದವರ ದಾರಿಯಲ್ಲಿ ಯಾಕೆ ಕಳಿಸಬೇಕು?

ವೆಬ್‌ಮೇಲ್‌ನಲ್ಲಿ 403 ಬರಲು ಬೇರೆ ಚಿಕ್ಕ ಕಾರಣಗಳೂ ಇವೆ. ನಿಮ್ಮದು ಅದಲ್ಲ ಅಂತ ನನಗೆ ನಂಬಿಕೆ, ಆದರೂ ಖರ್ಚಿಲ್ಲದ ಪರೀಕ್ಷೆ, ಮಾಡಿ ನೋಡಿ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಬಂದು ಮಾಮೂಲಿ ಕಿಟಕಿಯಲ್ಲಿ ಬರದಿದ್ದರೆ ಹಳೇ ಕುಕೀ (ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಉಳಿಸಿಟ್ಟ ಗುರುತು) ಕಾರಣ, ಅಳಿಸಿದರೆ ಸಾಕು. ರೌಂಡ್‌ಕ್ಯೂಬ್ ಅನ್ನುವ ವೆಬ್‌ಮೇಲ್‌ನಲ್ಲಿ ‘ರಿಕ್ವೆಸ್ಟ್ ಚೆಕ್ ಫೇಲ್ಡ್’ ಅಂತ ದೊಡ್ಡದಾಗಿ ಬಂದರೂ ಹೀಗೇ. ಹಿಂದಿನ ಸಲ ಲಾಗ್ಔಟ್ ಮಾಡದೆ ಬಿಟ್ಟದ್ದು, ಎರಡು ಟ್ಯಾಬ್‌ನಲ್ಲಿ ತೆರೆದದ್ದು ಅದಕ್ಕೆ ಸಾಮಾನ್ಯ ಕಾರಣ. ಇನ್ನು ಬುಕ್‌ಮಾರ್ಕ್. ಸಿಪ್ಯಾನೆಲ್ (ಹೋಸ್ಟಿಂಗ್ ನೋಡಿಕೊಳ್ಳಲು ಬಳಸುವ ಒಂದು ಪ್ರೋಗ್ರಾಂ) ವೆಬ್‌ಮೇಲ್‌ಗೆ ಲಾಗಿನ್ ಆದ ಮೇಲೆ ವಿಳಾಸದಲ್ಲಿ ‘ಸಿಪಿ ಸೆಸ್’ ಅಂತ ಅಕ್ಷರ, ಅದರ ಮುಂದೆ ಉದ್ದ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಆ ಒಂದು ಲಾಗಿನ್‌ಗೆ ಮಾತ್ರ. ಅದನ್ನು ಬುಕ್‌ಮಾರ್ಕ್ ಮಾಡಿದರೆ ನಾಳೆ ಕೆಲಸ ಮಾಡುವುದಿಲ್ಲ. ಲಾಗಿನ್ ಪುಟವನ್ನು ಮಾತ್ರ ಬುಕ್‌ಮಾರ್ಕ್ ಮಾಡಿ.

ಸಿಪ್ಯಾನೆಲ್ ಇರುವವರಿಗೆ ನನ್ನ ಇಷ್ಟದ ಪರೀಕ್ಷೆ ಒಂದಿದೆ. ‘ವೆಬ್‌ಮೇಲ್ ಡಾಟ್ ನಿಮ್ಮ ಹೆಸರು’ ಅಂತ ತೆರೆದರೆ 403 ಬರುತ್ತದೆ ಅಂದುಕೊಳ್ಳಿ. ಈಗ ನಿಮ್ಮ ಸೈಟಿನ ಹೆಸರು ಬರೆದು, ಮುಂದೆ ಕೋಲನ್ ಹಾಕಿ 2096 ಅಂತ ಬರೆದು ತೆರೆಯಿರಿ. ಮೊದಲ ದಾರಿ ವೆಬ್‌ಸೈಟಿನ ಕಾವಲಿನ ಮೂಲಕ ಹೋಗುತ್ತದೆ, ಎರಡನೆಯದು ನೇರ ಮೇಲ್ ಲಾಗಿನ್‌ಗೆ ಹೋಗುತ್ತದೆ. ಎರಡನೆಯದು ತೆರೆದರೆ ತಡೆದಿರುವುದು ವೆಬ್‌ಸೈಟಿನ ಕಾವಲು. ಎರಡೂ ತೆರೆಯದಿದ್ದರೆ ಅದಕ್ಕೂ ಹೊರಗಿನ ಗೋಡೆ, ಅಂದರೆ ಫೈರ್‌ವಾಲ್ ತಡೆದಿರುವ ಸಾಧ್ಯತೆ ಜಾಸ್ತಿ. ಹೋಸ್ಟಿಂಗ್‌ನವರಿಗೆ ಈ ಒಂದು ಮಾತು ಹೇಳಿದರೆ ಅವರ ಅರ್ಧ ಗಂಟೆ ಉಳಿಯುತ್ತದೆ. ಎಲ್ಲ ಕಾವಲೂ 403 ಅಂತಲೇ ಹೇಳುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವು ಸರಿ ಪಾಸ್‌ವರ್ಡ್ ಹಾಕಿದರೂ ‘ಲಾಗಿನ್ ತಪ್ಪು’ ಅನ್ನುತ್ತವೆ. ಕೆಲವು ಏನೂ ಹೇಳದೆ ಪುಟ ಸುತ್ತುತ್ತಲೇ ಇರುವ ಹಾಗೆ ಮಾಡುತ್ತವೆ. ಮೂರಕ್ಕೂ ಮೂಲ ಒಂದೇ ಇರಬಹುದು.

ಎರಡನೆಯದು, ತಂಗಿ ಮಗ ಹಾಕಿದ ಬೆಲೆ ಪಟ್ಟಿ. ಇದು ಯಾರಿಗೂ ತೆರೆಯುತ್ತಿಲ್ಲ. ಹಾಗಾದರೆ ಐಪಿ ವಿಳಾಸಕ್ಕೂ ಇದಕ್ಕೂ ಸಂಬಂಧವಿಲ್ಲ, ಫೈಲ್ ಹಾಕಿದ ರೀತಿಯಲ್ಲಿ ಏನೋ ಇದೆ. ಫೋಲ್ಡರ್ ಹೆಸರಿನ ಮುಂದೆ ಫೈಲ್ ಹೆಸರನ್ನೂ ಪೂರ್ತಿ ಬರೆದು ತೆರೆದು ನೋಡಿ.

ಪೂರ್ತಿ ಹೆಸರು ಬರೆದಾಗ ತೆರೆದರೆ ತೊಂದರೆ ಹೆಸರಿನದು. ಯಾರಾದರೂ ಬರೀ ಫೋಲ್ಡರ್ ಕೇಳಿದಾಗ ಸರ್ವರ್ ಅದರೊಳಗೆ ‘ಇಂಡೆಕ್ಸ್’ ಅನ್ನುವ ಫೈಲ್ ಹುಡುಕುತ್ತದೆ. ಸಿಗದಿದ್ದರೆ ಒಳಗಿರುವ ಫೈಲುಗಳ ಪಟ್ಟಿ ತೋರಿಸಬೇಕು, ಇಲ್ಲವೇ 403 ಕೊಡಬೇಕು. ಹೆಚ್ಚಿನ ಹೋಸ್ಟಿಂಗ್‌ನಲ್ಲಿ ಪಟ್ಟಿ ತೋರಿಸುವುದನ್ನು ನಿಲ್ಲಿಸಿರುತ್ತಾರೆ, ಅದು ಒಳ್ಳೆಯದೇ. ಪಟ್ಟಿ ತೋರಿಸು ಅಂತ ನೀವು ಬದಲಾಯಿಸಿದರೆ 403 ಹೋಗುತ್ತದೆ, ಆದರೆ ಆ ಫೋಲ್ಡರ್‌ನಲ್ಲಿ ಇಟ್ಟದ್ದೆಲ್ಲ ಊರಿಗೆ ಕಾಣುತ್ತದೆ. ಗಿರಾಕಿಗಳ ಹೆಸರು, ವಿಳಾಸದ ಎಕ್ಸೆಲ್ ಅಲ್ಲೇ ಇದ್ದರೆ ಏನು ಗತಿ? ಅದರ ಬದಲು ಫೈಲ್ ಹೆಸರು ನೋಡಿ. ವಿಂಡೋಸ್‌ಗೆ ದೊಡ್ಡ ‘ಐ’ ಇರುವ ಇಂಡೆಕ್ಸ್, ಚಿಕ್ಕ ‘ಐ’ ಇರುವ ಇಂಡೆಕ್ಸ್ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ. ಚಿಕ್ಕಕ್ಷರದಲ್ಲಿ ಇರಬೇಕು. ಇನ್ನೊಂದು, ವಿಂಡೋಸ್ ಫೈಲಿನ ಬಾಲವನ್ನು ಬಚ್ಚಿಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲ್ ಲ್ಯಾಪ್‌ಟಾಪ್‌ನಲ್ಲಿ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಅಂತ ಕಂಡರೂ ನಿಜವಾದ ಹೆಸರು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ’ ಆಗಿರಬಹುದು. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲಿ ನೋಡಿದರೆ ಪೂರ್ತಿ ಹೆಸರು ಕಾಣುತ್ತದೆ. ಹುಡುಗನನ್ನು ಬೈಯಬೇಡಿ, ನಾನೂ ಕಲಿಯುವಾಗ ಇದರಲ್ಲಿ ಒಂದು ಇಡೀ ಸಂಜೆ ಕಳೆದಿದ್ದೇನೆ.

ಪೂರ್ತಿ ಹೆಸರು ಬರೆದರೂ 403 ಬಂದರೆ ತೊಂದರೆ ಪರ್ಮಿಷನ್‌ನದು. ಈಗ 777ರ ವಿಷಯಕ್ಕೆ ಬರೋಣ. ಆ ಮೂರು ಅಂಕಿ ಮೂರು ಜನಕ್ಕೆ: ಮೊದಲನೆಯದು ಫೈಲಿನ ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದಲು 4, ಬರೆಯಲು 2, ಚಲಾಯಿಸಲು 1. ಫೋಲ್ಡರ್‌ನಲ್ಲಿ ‘ಚಲಾಯಿಸುವುದು’ ಅಂದರೆ ಒಳಗೆ ಕಾಲಿಡುವುದು. ಕೂಡಿದರೆ ಅಂಕಿ ಸಿಗುತ್ತದೆ. 755 ಅಂದರೆ ಮಾಲೀಕ ಎಲ್ಲವನ್ನೂ ಮಾಡಬಹುದು, ಉಳಿದವರು ಓದಬಹುದು, ಒಳಗೆ ಬರಬಹುದು. ಫೋಲ್ಡರ್‌ಗೆ ಇದು ಸರಿ. 644 ಅಂದರೆ ಮಾಲೀಕ ಬರೆಯಬಹುದು, ಉಳಿದವರು ಓದಬಹುದು. ಫೈಲ್‌ಗೆ ಇದು ಸರಿ. ತಂಗಿ ಮಗ ಜಿಪ್ ಮಾಡಿ ಹಾಕಿ ಸರ್ವರ್‌ನಲ್ಲಿ ಬಿಚ್ಚಿದ್ದರೆ ಫೋಲ್ಡರ್ 700, ಫೈಲ್ 600 ಅಂತ ಬಂದಿರಬಹುದು. ಅಂದರೆ ಮಾಲೀಕನಿಗೆ ಮಾತ್ರ. ವೆಬ್ ಸರ್ವರ್‌ಗೇ ಓದಲು ಬಿಡದಿದ್ದರೆ ಅದು ಗಿರಾಕಿಗೆ ಏನು ಕೊಡುತ್ತದೆ?

ಫೈಲ್ ಮ್ಯಾನೇಜರ್‌ನಲ್ಲಿ ಆ ಫೋಲ್ಡರ್‌ಗೆ 755, ಒಳಗಿನ ಫೈಲುಗಳಿಗೆ 644 ಕೊಡಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಅದರಲ್ಲೂ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರ್ 750 ಅಂತ ಕಂಡರೆ ತಪ್ಪು ಅಂತ ತಿಳಿಯಬೇಡಿ, ಸಿಪ್ಯಾನೆಲ್‌ನಲ್ಲಿ ಅದು ಹಾಗೇ ಇರುವುದು. 777 ಕೊಟ್ಟರೆ ಅದೇ ಸರ್ವರ್‌ನಲ್ಲಿರುವ ಬೇರೆಯವರ ಕೆಟ್ಟ ಪ್ರೋಗ್ರಾಂ ನಿಮ್ಮ ಫೋಲ್ಡರ್‌ನಲ್ಲಿ ಬರೆಯಲು ದಾರಿಯಾಗಬಹುದು. ಎಷ್ಟೋ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ (ಸರ್ವರ್‌ನಲ್ಲಿ ನಡೆಯುವ ಪ್ರೋಗ್ರಾಂ) ಫೈಲ್‌ಗೆ 777 ಕೊಟ್ಟ ತಕ್ಷಣ ಸರ್ವರ್ ಅದನ್ನು ನಡೆಸಲು ಒಪ್ಪದೆ 500 ಕೊಡುತ್ತದೆ. ಆಗ ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ. ಅವಸರದಲ್ಲಿ ಈಗಾಗಲೇ ಕೊಟ್ಟಿದ್ದರೆ ಇದೇ 755, 644ಕ್ಕೆ ವಾಪಸ್ ತನ್ನಿ.

ಪುಟದ ಕೆಳಗೆ ‘ಇದಲ್ಲದೆ ಎರರ್ ಪುಟ ತೋರಿಸುವಾಗಲೂ 403 ಬಂತು’ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇದ್ದರೆ ಹೆದರಬೇಡಿ. ಅದು ಎರಡನೇ ರೋಗವಲ್ಲ. ನಿಮಗಾಗಿ ಮಾಡಿಟ್ಟ ಕ್ಷಮೆ ಕೇಳುವ ಪುಟವನ್ನು ತೋರಿಸಲು ಹೋದಾಗ ಅದಕ್ಕೂ ಅದೇ ತಡೆ ಸಿಕ್ಕಿದೆ, ಅಷ್ಟೇ.

ಮೂರನೆಯದು ಆರ್ಡರ್ ಫಾರ್ಮ್. ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಇದರಲ್ಲಿ ನೋಡಬೇಕಾದ್ದು ಜನರನ್ನಲ್ಲ, ಅವರು ಬರೆದದ್ದನ್ನು. ಸ್ಕ್ರೀನ್‌ಶಾಟ್ ಕಳಿಸಿದವರಿಗೆ ಫೋನ್ ಮಾಡಿ, ವಿಳಾಸದ ಜಾಗದಲ್ಲಿ ಏನು ಬರೆದಿದ್ದಿರಿ ಅಂತ ಕೇಳಿ. ನನ್ನ ಊಹೆ, ಅವರು ಗೂಗಲ್ ಮ್ಯಾಪ್ ಲಿಂಕ್ ಅಂಟಿಸಿದ್ದಾರೆ. ಮನೆ ಸುಲಭವಾಗಿ ಸಿಗಲಿ ಅಂತ ಈಗ ಬೆಂಗಳೂರಿನವರು ಹಾಗೆ ಮಾಡುವುದು ಜಾಸ್ತಿ.

ವೆಬ್ ಸರ್ವರ್ ಮುಂದೆ ಮಾಡ್‌ಸೆಕ್ಯೂರಿಟಿ ಅನ್ನುವ ಒಂದು ಜರಡಿ ಇರುತ್ತದೆ. ಫಾರ್ಮ್‌ನಲ್ಲಿ ಬಂದ ಪ್ರತಿ ಸಾಲನ್ನೂ ಅದು ಓದುತ್ತದೆ. ಡೇಟಾಬೇಸ್ ಕದಿಯುವ ಮಾತು, ಸ್ಕ್ರಿಪ್ಟ್ ತುರುಕುವ ಮಾತು, ಹೊರಗಿನ ಸೈಟಿನಿಂದ ಫೈಲ್ ಎಳೆಯುವ ಮಾತು ಕಂಡರೆ 403 ಕೊಟ್ಟು ವಾಪಸ್ ಕಳಿಸುತ್ತದೆ. ಹೆಸರು, ಊರು, ಫೋನ್ ಇರಬೇಕಾದ ಜಾಗದಲ್ಲಿ ಪೂರ್ತಿ ಲಿಂಕ್ ಕಂಡರೆ ಕೆಲವು ನಿಯಮಗಳಿಗೆ ಅನುಮಾನ ಬರುತ್ತದೆ. ಕೋನ ಬ್ರಾಕೆಟ್, ಒಂಟಿ ಉದ್ಧರಣ ಚಿಹ್ನೆ, ಒಂದರ ಹಿಂದೆ ಒಂದು ಹೈಫನ್ ಕಂಡರೂ ಅನುಮಾನವೇ. ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಲೇಖನ ಉಳಿಸುವಾಗ 403 ಬಂದರೂ ಬಹುಪಾಲು ಇದೇ ಕಾರಣ.

ನೀವೇ ಪರೀಕ್ಷೆ ಮಾಡಬಹುದು. ಫಾರ್ಮ್ ತುಂಬಿ ಒಮ್ಮೆ ಲಿಂಕ್ ಇಲ್ಲದೆ ಕಳಿಸಿ, ಒಮ್ಮೆ ಲಿಂಕ್ ಹಾಕಿ ಕಳಿಸಿ. ಎರಡನೆಯದು ಮಾತ್ರ 403 ಆದರೆ ಖಾತ್ರಿಯಾಯಿತು. ಕಳಿಸಿದ ಗಂಟೆ, ನಿಮಿಷ ಬರೆದಿಟ್ಟುಕೊಳ್ಳಿ. ಪದೇ ಪದೇ ಮಾಡಬೇಡಿ, ನಿಮ್ಮ ಐಪಿ ಮತ್ತೆ ತಡೆಗೆ ಸಿಕ್ಕೀತು.

ಇದಕ್ಕೆ ಪರಿಹಾರ ಹೋಸ್ಟಿಂಗ್‌ನವರ ಕೈಯಲ್ಲಿದೆ. ಸರ್ವರ್‌ನ ಎರರ್ ಲಾಗ್‌ನಲ್ಲಿ ‘ಮಾಡ್‌ಸೆಕ್ಯೂರಿಟಿ: ಆಕ್ಸೆಸ್ ಡಿನೈಡ್ ವಿತ್ ಕೋಡ್ 403’ ಅಂತ ಒಂದು ಸಾಲು ಇರುತ್ತದೆ. ಅದೇ ಸಾಲಿನಲ್ಲಿ ತಡೆದ ನಿಯಮದ ಐಡಿ ಸಂಖ್ಯೆಯೂ ಇರುತ್ತದೆ. ಆ ಒಂದು ನಿಯಮವನ್ನು, ಆರ್ಡರ್ ಪುಟಕ್ಕೆ ಮಾತ್ರ, ಬಿಡಿಸಿಕೊಡಿ ಅಂತ ಕೇಳಿ. ಕೆಲವು ಕಡೆ ಕೆಲಸ ಬೇಗ ಮುಗಿಯಲಿ ಅಂತ ಇಡೀ ಮಾಡ್‌ಸೆಕ್ಯೂರಿಟಿಯನ್ನೇ ಆಫ್ ಮಾಡಿಬಿಡುತ್ತಾರೆ. ಸಿಪ್ಯಾನೆಲ್‌ನಲ್ಲೂ ಹಾಗೆ ಮಾಡುವ ಬಟನ್ ಇರುತ್ತದೆ. ದಯವಿಟ್ಟು ಅದನ್ನು ಒಪ್ಪಬೇಡಿ. ಒಂದು ಹಸು ಒಳಗೆ ಬರಲಿ ಅಂತ ತೋಟದ ಬೇಲಿಯನ್ನೆಲ್ಲ ಕಿತ್ತುಹಾಕಿದ ಹಾಗೆ ಆಗುತ್ತದೆ. ಅಲ್ಲಿಯವರೆಗೆ ಫಾರ್ಮ್ ಮೇಲೆ ಒಂದು ಸಾಲು ಬರೆಯಿಸಿ: ‘ಮ್ಯಾಪ್ ಲಿಂಕ್ ಹಾಕಬೇಡಿ, ವಾಟ್ಸ್ಆ್ಯಪ್ ಮಾಡಿ’.

ಹ್ಯಾಕ್ ಭಯದ ಬಗ್ಗೆ. ಹ್ಯಾಕ್ ಆದ ಸೈಟಿನ 403 ಬೇರೆ ರೀತಿ ಕಾಣುತ್ತದೆ. ಅಪಾಚೆ ಸರ್ವರ್‌ನಲ್ಲಿ ‘ಡಾಟ್ ಎಚ್‌ಟಿ ಆಕ್ಸೆಸ್’ ಅನ್ನುವ ಮರೆಯಲ್ಲಿರುವ ಫೈಲ್ ಇರುತ್ತದೆ, ಯಾರನ್ನು ಬಿಡಬೇಕು, ಬಿಡಬಾರದು ಅಂತ ಅದರಲ್ಲಿ ಬರೆಯಬಹುದು. ವರ್ಡ್‌ಪ್ರೆಸ್ ಸೈಟುಗಳಿಗೆ ಹತ್ತುವ ಒಂದು ಹಾವಳಿ ಈ ಫೈಲನ್ನು ಪ್ರತಿ ಫೋಲ್ಡರ್‌ನೊಳಗೂ ಇಟ್ಟು, ಎಲ್ಲ ಪಿಎಚ್‌ಪಿ ಫೈಲುಗಳನ್ನೂ ತಡೆದು, ತನ್ನ ಫೈಲುಗಳನ್ನು ಮಾತ್ರ ಬಿಡುತ್ತದೆ. ಆಗ ಮಾಲೀಕರಿಗೇ ಅಡ್ಮಿನ್ ಪುಟದಲ್ಲಿ 403 ಬರುತ್ತದೆ. ಫೈಲ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಮರೆಯ ಫೈಲುಗಳನ್ನು ತೋರಿಸು ಅಂತ ಹಾಕಿ ನೋಡಿ. ಚಿತ್ರಗಳ ಫೋಲ್ಡರ್, ಥೀಮ್ ಫೋಲ್ಡರ್, ಎಲ್ಲ ಕಡೆ ಒಂದೇ ಅಳತೆಯ ‘ಡಾಟ್ ಎಚ್‌ಟಿ ಆಕ್ಸೆಸ್’ ಇದ್ದು, ಪರ್ಮಿಷನ್ 444 ಅಂತ ಇದ್ದರೆ ಮಾತ್ರ ಹೆದರಿ. ಅಂಥದ್ದು ಕಂಡರೆ ಏನನ್ನೂ ಅಳಿಸದೆ ತಕ್ಷಣ ಹೋಸ್ಟಿಂಗ್‌ನವರಿಗೆ ಹೇಳಿ. ಅಳಿಸಿದರೆ ಅದು ಮತ್ತೆ ಹುಟ್ಟುತ್ತದೆ, ಒಳಗೆ ನಡೆಯುತ್ತಿರುವ ಪ್ರೋಗ್ರಾಂ ನಿಲ್ಲಿಸಬೇಕು. ಒಂದೋ ಎರಡೋ ಕಡೆ ಇದ್ದರೆ ಮಾಮೂಲಿ.

ಬೆಂಗಳೂರಿನ ಹುಡುಗ ಫೋನ್ ಎತ್ತದಿದ್ದರೂ ಒಂದು ವಿಷಯಕ್ಕೆ ಅವನನ್ನು ಹಿಡಿಯಲೇಬೇಕು. ಹೋಸ್ಟಿಂಗ್ ಮತ್ತು ಡೊಮೈನ್ (ಸೈಟಿನ ಹೆಸರು) ಖಾತೆ ಯಾರ ಹೆಸರಿನಲ್ಲಿದೆ, ಯಾರ ಇಮೇಲ್‌ನಲ್ಲಿದೆ ಅಂತ ಕೇಳಿ. ಅವನದೇ ಇದ್ದರೆ ನೀವು ಬರೆದ ಟಿಕೆಟ್‌ಗೆ (ದೂರಿಗೆ) ಹೋಸ್ಟಿಂಗ್‌ನವರು ಉತ್ತರ ಕೊಡುವುದಿಲ್ಲ, ಕೊಡಬಾರದು ಕೂಡ. ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದರೂ ಸಾಕು, ಒಳ್ಳೆ ಹುಡುಗನೇ ಇರುತ್ತಾನೆ, ಮಾಡಿಕೊಡುತ್ತಾನೆ.

ಟಿಕೆಟ್‌ನಲ್ಲಿ ‘ಸೈಟ್ ಬರುತ್ತಿಲ್ಲ, ಅರ್ಜೆಂಟ್’ ಅಂತ ಬರೆಯಬೇಡಿ. ಹೀಗೆ ಬರೆಯಿರಿ: ‘ಇಂಥ ಐಪಿಯಿಂದ ವೆಬ್‌ಮೇಲ್ 403 ಕೊಡುತ್ತಿದೆ, ಮೊಬೈಲ್ ನೆಟ್‌ವರ್ಕ್‌ನಿಂದ ಬರುತ್ತಿದೆ. ಯಾವ ಮೇಲ್‌ಬಾಕ್ಸ್‌ಗೆ, ಯಾವ ಸಮಯಕ್ಕೆ ತಪ್ಪು ಲಾಗಿನ್ ಆಗಿದೆ ಅಂತ ಲಾಗ್‌ನಿಂದ ತಿಳಿಸಿ. ಹಳೆ ಪಾಸ್‌ವರ್ಡ್ ಸರಿ ಮಾಡಿದ್ದೇವೆ, ತಡೆ ತೆಗೆಯಿರಿ. ಆರ್ಡರ್ ಪುಟದಲ್ಲಿ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ 403 ಬಂತು, ತಡೆದ ನಿಯಮದ ಐಡಿ ತಿಳಿಸಿ, ಈ ಪುಟಕ್ಕೆ ಮಾತ್ರ ಅದನ್ನು ಬಿಡಿಸಿ.’ ಫೋನ್‌ನಲ್ಲಿ ಹೇಳಿದರೂ ಆಮೇಲೆ ಇದನ್ನು ಬರಹದಲ್ಲಿ ಕಳಿಸಿ.

ಕೊನೆಗೆ ನಿಮಗೆ ನಿಜವಾಗಿ ಚಿಂತೆ ಇರುವುದು ಈ ವಾರ ತಪ್ಪಿಹೋದ ಆರ್ಡರ್‌ಗಳದು. ಸೋಮವಾರದಿಂದ ನಿಮಗೆ ಬಂದ ಮೇಲ್‌ಗಳು ಎಲ್ಲೂ ಹೋಗಿಲ್ಲ. ತಡೆ ಇದ್ದದ್ದು ನೀವು ತೆರೆದು ನೋಡುವುದಕ್ಕೆ, ಮೇಲ್ ಬರುವುದಕ್ಕಲ್ಲ. ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ, ಎಲ್ಲ ಇರುತ್ತವೆ. ಫಾರ್ಮ್‌ನಲ್ಲಿ 403 ಬಂದವರ ಆರ್ಡರ್ ಮಾತ್ರ ನಿಮ್ಮ ಮೇಲ್‌ಗೆ ಬಂದಿಲ್ಲ, ಅವರಲ್ಲಿ ಎಲ್ಲರೂ ಸ್ಕ್ರೀನ್‌ಶಾಟ್ ಕಳಿಸಿರುವುದಿಲ್ಲ. ಆದರೆ ಮಾಡ್‌ಸೆಕ್ಯೂರಿಟಿಗೆ ಆಡಿಟ್ ಲಾಗ್ ಅಂತ ಇನ್ನೊಂದು ದಾಖಲೆ ಇರುತ್ತದೆ. ತಡೆದದ್ದು ಯಾಕೆ ಅಂತ ಆಮೇಲೆ ನೋಡಲು ಫಾರ್ಮ್‌ನಲ್ಲಿ ಬರೆದ ಮಾತನ್ನೂ ಅದರಲ್ಲಿ ಇಟ್ಟುಕೊಳ್ಳುವ ಸರ್ವರ್‌ಗಳು ಬಹಳ. ಟಿಕೆಟ್‌ನ ಕೊನೆಗೆ ಒಂದು ಸಾಲು ಸೇರಿಸಿ: ಸೋಮವಾರದಿಂದ ಆರ್ಡರ್ ಪುಟದಲ್ಲಿ ತಡೆಯಾದ ಎಲ್ಲ ವಿನಂತಿಗಳ ಆಡಿಟ್ ಲಾಗ್ ಇದ್ದರೆ ಕೊಡಿ ಅಂತ. ಹಳೇ ಲಾಗ್‌ಗಳು ಕೆಲವು ದಿನಕ್ಕೆ ಅಳಿಸಿಹೋಗಬಹುದು, ಹಾಗಾಗಿ ಇವತ್ತೇ ಕೇಳಿ. ಸಿಕ್ಕರೆ ಅದರಲ್ಲಿ ಗಿರಾಕಿಯ ಹೆಸರು, ಎಷ್ಟು ಬಾಕ್ಸ್, ಯಾವ ಹಣ್ಣು, ಫೋನ್ ನಂಬರ್, ಎಲ್ಲ ಇರುತ್ತದೆ. ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ.